ಮೊಬೈಲ್ ಪಾಠ, ಸಾಲಿ ಪಾಠ: ಯಾವ ಮಗುವಿಗೆ ಯಾವುದು ದಕ್ಕುತ್ತದೆ?

ಕಬ್ಬಿನ ಬಿಲ್ಲು ಜಮಾ ಆದ ವಾರ ನಮ್ಮೂರಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ನಮ್ಮದು ಮುಧೋಳದ ಕಡೆಯ ಹಳ್ಳಿ. ಹುಡುಗಿ ಐದನೆಯ ತರಗತಿ. "ಸರ, ಇಕಿನ್ನ ನವೋದಯ ಪರೀಕ್ಷಾಕ್ಕ ಕೂಡ್ರಸಬೇಕಂತ ಮಾಡೇನ್ರಿ. ವಿಜಾಪುರದಾಗ ಕೋಚಿಂಗಿಗೆ ಹಚ್ಚಲೋ, ಇಲ್ಲಾ ಮೊಬೈಲ್‌ನ್ಯಾಗ ಆ್ಯಪ್ ಹಾಕಿಸಿ ಮನ್ಯಾಗ ಓದಸಲೋ? ಯಾವುದು ಚಲೋ ಹೇಳ್ರಿ."

ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ. ಪ್ರವೇಶ ಪರೀಕ್ಷೆ ಬರೆದು ಸೇರುವ ವಸತಿ ಶಾಲೆಗಳಿವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ನಾಲ್ಕು-ಐದನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಈ ಹೆಸರುಗಳು ದೇವರ ಹೆಸರಿನಷ್ಟೇ ಸಲ ಕೇಳಿಬರುತ್ತವೆ. ಅದಕ್ಕಾಗಿ ಎಮ್ಮೆ ಮಾರಿದವರನ್ನೂ ಬಲ್ಲೆ. ಗಣಿತ ಮಾಸ್ತರನಾಗಿ ದುಡಿದು ನಿವೃತ್ತನಾದ ನನಗೆ ಅವರ ಪ್ರಶ್ನೆ ಹಗುರವಾಗಿ ಕಾಣಲಿಲ್ಲ. ಜಗತ್ತಿನ ಸಂಶೋಧಕರು ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯೂ ಇದೇ: ಪರದೆಯ ಮೇಲೆ ಕಲಿತ ಮಕ್ಕಳು ಹೆಚ್ಚು ಕಲಿಯುತ್ತಾರೋ, ಎದುರಿಗೆ ಕೂತು ಕಲಿತವರೋ? ಆ ಸಂಶೋಧನೆಗಳನ್ನು ಓದುತ್ತಾ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು. "ಯಾವುದು ಚಲೋ" ಎಂದು ಕೇಳುವ ಮೊದಲು "ಯಾವ ಮಗುವಿಗೆ" ಎಂದು ಕೇಳಬೇಕು, "ಅದು ಇಲ್ಲದಿದ್ದರೆ ಆ ಮಗುವಿಗೆ ಏನು ಸಿಗುತ್ತಿತ್ತು" ಎಂದೂ ಕೇಳಬೇಕು.

ಮೊದಲು ಒಂದು ಮೋಸದ ಬಗ್ಗೆ ಹೇಳಿಬಿಡುತ್ತೇನೆ. "ನಮ್ಮಲ್ಲಿ ಆನ್‌ಲೈನ್ ಕಲಿತ ಇಂತಿಷ್ಟು ಮಕ್ಕಳು ಪಾಸಾದರು" ಎಂಬ ಜಾಹೀರಾತಿನಿಂದ ಏನೂ ತಿಳಿಯುವುದಿಲ್ಲ. ಆನ್‌ಲೈನ್ ಆರಿಸಿಕೊಂಡವರು ಯಾರು? ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರು, ತಂದೆ-ತಾಯಿ ಓದಿದವರು, ಇಲ್ಲವೇ ಹಟ ಹಿಡಿದು ಓದುವವರು. ಅವರ ಅಂಕದಲ್ಲಿ ಎಷ್ಟು ಪಾಲು ಪಾಠದ್ದು, ಎಷ್ಟು ಪಾಲು ಮನೆಯದ್ದು ಎಂದು ಬೇರ್ಪಡಿಸಲು ಬರುವುದಿಲ್ಲ. ಹೋಲಿಕೆ ಸಾಚಾ ಆಗಬೇಕಾದರೆ ಚೀಟಿ ಎತ್ತಬೇಕು. ಒಂದೇ ಕಾಲೇಜಿನ, ಒಂದೇ ಪಾಠದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಪರದೆಯ ಮೇಲೆ, ಇನ್ನೊಂದಕ್ಕೆ ಎದುರಿಗೆ ಕಲಿಸಿ, ಒಂದೇ ಪರೀಕ್ಷೆ ಕೊಡಬೇಕು. ಅಂಥ ಪ್ರಯೋಗಗಳು ಬಹಳ ಇಲ್ಲ. ಇರುವ ಕೆಲವು ಮಾತ್ರ ಬಂಗಾರದಂಥವು.

ಫಲಿತಾಂಶ ಅಳೆಯುವ ಅಳತೆಗೋಲನ್ನೂ ತಿಳಿದುಕೊಳ್ಳೋಣ. ಸಂಶೋಧಕರು "ಪ್ರಮಾಣಿತ ವಿಚಲನೆ" ಎಂಬ ಮಾನದಲ್ಲಿ ಮಾತಾಡುತ್ತಾರೆ. ಪಿಯು ಸಂಖ್ಯಾಶಾಸ್ತ್ರ ಓದದವರಿಗೆ ಅದು ಕಬ್ಬಿಣದ ಕಡಲೆ. ನಾನು ಹೀಗೆ ಹೇಳುತ್ತೇನೆ: ನೂರು ಮಕ್ಕಳನ್ನು ಅಂಕದ ಪ್ರಕಾರ, ಕಡಿಮೆಯಿಂದ ಹೆಚ್ಚಿಗೆ, ಪ್ರಾರ್ಥನೆಯ ಸಾಲಿನಂತೆ ನಿಲ್ಲಿಸಿ. ನಟ್ಟನಡುವೆ 50ನೆಯ ಜಾಗದಲ್ಲಿ ಒಂದು ಮಗು ನಿಂತಿದೆ. 0.2ರಷ್ಟು ನಷ್ಟವೆಂದರೆ ಆ ಮಗು 42ನೆಯ ಜಾಗಕ್ಕೆ ಹಿಂದೆ ಸರಿಯಿತು ಎಂದರ್ಥ. 0.7ರಷ್ಟು ನಷ್ಟವಾದರೆ 24ನೆಯ ಜಾಗಕ್ಕೆ. ಇನ್ನು ಮುಂದೆ ನಾನು ಈ ಸಾಲಿನ ಲೆಕ್ಕದಲ್ಲೇ ಹೇಳುತ್ತೇನೆ.

2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ಒಂದು ವರದಿ ಕೊಟ್ಟಿತು. ಆನ್‌ಲೈನ್ ಕಲಿತವರು ಸರಾಸರಿಯಲ್ಲಿ ತುಸು ಮುಂದಿದ್ದರು, ಎರಡನ್ನೂ ಬೆರೆಸಿ ಕಲಿತವರು ಇನ್ನೂ ಮುಂದಿದ್ದರು. ಆ್ಯಪ್ ಮಾರುವವರು ಇಂದಿಗೂ ತೋರಿಸುವ ವರದಿ ಇದು. ಆದರೆ ಅದರಲ್ಲೇ ಬರೆದಿತ್ತು: ಬೆರಕೆ ಪಾಠ ಪಡೆದವರಿಗೆ ಹೆಚ್ಚಿನ ಸಮಯ, ಹೆಚ್ಚಿನ ಸಾಮಗ್ರಿ ಸಿಕ್ಕಿತ್ತು, ಅಧ್ಯಯನದಲ್ಲಿದ್ದವರು ಬಹುಪಾಲು ಕಾಲೇಜಿನವರು ಮತ್ತು ನೌಕರಿಯಲ್ಲಿದ್ದವರು, ಶಾಲಾಮಕ್ಕಳ ಅಧ್ಯಯನಗಳು ಬೆರಳೆಣಿಕೆಯಷ್ಟು. ಹತ್ತು ವರ್ಷದ ಹುಡುಗಿಗೆ ಆ ವರದಿಯನ್ನು ಅನ್ವಯಿಸುವುದು ಎತ್ತಿನ ನೊಗವನ್ನು ಕರುವಿನ ಹೆಗಲಿಗೆ ಇಟ್ಟಂತೆ.

ಆಮೇಲೆ ಚೀಟಿ ಎತ್ತಿದ ಪ್ರಯೋಗಗಳು ಬಂದವು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೊದಲ ಪಾಠಗಳನ್ನು ಕೆಲವರಿಗೆ ಸಭಾಂಗಣದಲ್ಲಿ, ಕೆಲವರಿಗೆ ಅದೇ ಉಪನ್ಯಾಸದ ವಿಡಿಯೊದಲ್ಲಿ ಕಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟಾರೆ ವ್ಯತ್ಯಾಸ ಸಣ್ಣದು, ಎದುರಿಗೆ ಕೂತವರ ಕಡೆಗೆ ತುಸು ವಾಲಿತ್ತು. ಆದರೆ ಮೊದಲಿನಿಂದಲೂ ಅಂಕ ಕಡಿಮೆ ಇದ್ದವರನ್ನು ಬೇರೆ ಮಾಡಿ ನೋಡಿದಾಗ ಅಂತರ ಎದ್ದು ಕಂಡಿತು. 2020ರಲ್ಲಿ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಇಂಥದ್ದೇ ಪ್ರಯೋಗ ನಡೆಯಿತು. ಅಲ್ಲಿನ ಕೆಡೆಟ್‌ಗಳು ಶಿಸ್ತಿಗೆ ಹೆಸರಾದವರು, ಎಲ್ಲರಿಗೂ ಕಂಪ್ಯೂಟರ್ ಇತ್ತು, ನೆಟ್ ಇತ್ತು, ಊಟ-ವಸತಿ ಒಂದೇ. ಆದರೂ ಆನ್‌ಲೈನ್ ಗುಂಪು ಸುಮಾರು 0.2ರಷ್ಟು ಹಿಂದೆ ಬಿತ್ತು, ಅಂದರೆ ನಮ್ಮ ಸಾಲಿನಲ್ಲಿ 50ರಿಂದ 42ಕ್ಕೆ. ಅಲ್ಲಿಯೂ ಹೆಚ್ಚು ಪೆಟ್ಟು ತಿಂದವರು ಓದಿನಲ್ಲಿ ಹಿಂದಿದ್ದವರೇ.

ಸರಾಸರಿ ಎಂಬುದು ಹೀಗೆ ಕಣ್ಣಿಗೆ ಮಣ್ಣೆರಚುತ್ತದೆ. ಮುಂದಿನ ಬೆಂಚಿನ ಮಗು ಎರಡೂ ಕಡೆ ಅಷ್ಟೇ ಕಲಿಯುತ್ತದೆ. ಹಿಂದಿನ ಬೆಂಚಿನ ಮಗು ಪರದೆಯ ಮುಂದೆ ಕುಸಿಯುತ್ತದೆ. ಇಬ್ಬರನ್ನೂ ಕೂಡಿಸಿ ಭಾಗಿಸಿದರೆ "ಸ್ವಲ್ಪ ಕಡಿಮೆ" ಎಂಬ ಉತ್ತರ ಬರುತ್ತದೆ, ಆ ಉತ್ತರ ಇಬ್ಬರಲ್ಲಿ ಯಾರ ಬದುಕನ್ನೂ ಹೇಳುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಯೋಗ ಚೀಟಿ ಎತ್ತದೆ, ಯಾರನ್ನೂ ಕೇಳದೆ, ಎಲ್ಲ ಮಕ್ಕಳ ಮೇಲೂ ಒಮ್ಮೆಗೇ ಆಗಿಹೋಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬಂದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಹಳ್ಳಿಗಳನ್ನು ಮುಳುಗಿಸಿದ್ದವು. ಸಾಲಿ ಕಟ್ಟಡಗಳು ಬಿದ್ದವು, ಪುಸ್ತಕಗಳು ತೊಯ್ದವು. ಆ ಕೆಸರು ಒಣಗಿ ಪಾಠ ಹಳಿಗೆ ಬರುವಷ್ಟರಲ್ಲಿ 2020ರ ಮಾರ್ಚ್ ಬಂತು, ಕೊರೊನಾಕ್ಕೆ ಸಾಲಿಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಸಾಲಿಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಒಂದನೆಯ ತರಗತಿ ಮುಗಿಸುವ ಹೊತ್ತಿಗೆ ಮನೆ ಸೇರಿದ ಕೂಸು ಎರಡನೆಯ ತರಗತಿಯ ಕೋಣೆಯನ್ನೇ ನೋಡದೆ ಮೂರಕ್ಕೆ ಬಂತು.

ಆ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬಂದವು, ಮೊಬೈಲ್‌ನಲ್ಲಿ ವಿಡಿಯೊ ಬಂದವು. ಆದರೆ ಒಂದು ಮನೆಗೆ ಒಂದು ಫೋನು, ಅದೂ ಅಪ್ಪನ ಜೊತೆ ಹೊಲಕ್ಕೋ ದುಡಿಮೆಗೋ ಹೋಗುತ್ತಿತ್ತು. ಸಂಜೆ ಬಂದರೆ ಅಣ್ಣನ ಕೈಗೆ, ಅವನು ಬಿಟ್ಟರೆ ತಂಗಿಗೆ. ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಫೋನಿದ್ದರೂ ರೇಂಜ್ ಇಲ್ಲ. ಕಬ್ಬು ಕಡಿಯಲು, ಇಟ್ಟಂಗಿ ಸುಡಲು ಗುಳೆ ಹೋದವರ ಮಕ್ಕಳ ಲೆಕ್ಕ ಯಾರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ಸರ್ಕಾರ "ವಿದ್ಯಾಗಮ" ತಂದಾಗ ಮಾಸ್ತರರು, ಅಕ್ಕೋರು ಊರಿಗೇ ಹೋಗಿ ಗುಡಿಯ ಪೌಳಿಯಲ್ಲಿ, ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂರಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತು, ಮರುವರ್ಷದ ಜನವರಿಯಲ್ಲಿ ಮತ್ತೆ ಶುರುವಾಯಿತು.

ಅದೇ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು, ಎಲ್ಲರೂ ಸರ್ಕಾರಿ ಶಾಲೆಗಳವರು, ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ. 92, ಗಣಿತದಲ್ಲಿ ಶೇ. 82. ಹೊಸದು ಕಲಿಯಲಿಲ್ಲ ಎಂಬುದು ಹಾಗಿರಲಿ, ಬಂದದ್ದೂ ಕೈಬಿಟ್ಟು ಹೋಗಿತ್ತು. ಕಲಿತ ವಿದ್ಯೆ ಕಳ್ಳರು ಕದಿಯಲಾರದ್ದು ಎನ್ನುತ್ತೇವೆ. ಎರಡನೆಯ ತರಗತಿಯ ವಿದ್ಯೆ ಹಾಗಲ್ಲ, ಅದು ಹಸಿ ಗೋಡೆ. ನೀರು ಹಾಕುತ್ತಲೇ ಇರಬೇಕು.

"ನಮ್ಮಲ್ಲಿ ನೆಟ್ ಇರಲಿಲ್ಲ, ಇದ್ದಿದ್ದರೆ ಸರಿಹೋಗುತ್ತಿತ್ತು" ಎಂದು ಹಲವರು ಹೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನ ಕಥೆ ಅದಕ್ಕೆ ಉತ್ತರ. ಅಲ್ಲಿ ಮನೆಮನೆಗೂ ಬ್ರಾಡ್‌ಬ್ಯಾಂಡ್, ಶಾಲೆ ಮುಚ್ಚಿದ್ದು ಬರೀ 8 ವಾರ. ಆದರೂ ಪ್ರಾಥಮಿಕ ಶಾಲೆಯ ಮಕ್ಕಳು ವರ್ಷದ ಕಲಿಕೆಯ ಐದನೆಯ ಒಂದು ಭಾಗ ಕಳೆದುಕೊಂಡರು. ಲೆಕ್ಕ ಹಾಕಿದರೆ ಮುಚ್ಚಿದಷ್ಟೇ ವಾರಗಳು. ಮನೆಯಲ್ಲಿ ಕೂತು ಪರದೆ ನೋಡಿದ್ದು ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತ್ತು. ಕಡಿಮೆ ಓದಿದ ತಂದೆ-ತಾಯಿಯ ಮಕ್ಕಳಲ್ಲಿ ನಷ್ಟ ಶೇ. 60ರವರೆಗೆ ಹೆಚ್ಚು. ಹಾಗಾದರೆ ತೊಡಕು ತಂತಿಯಲ್ಲಷ್ಟೇ ಇರಲಿಲ್ಲ.

ಇಲ್ಲಿ ಪರೀಕ್ಷಾ ಫಲಿತಾಂಶವನ್ನು ನಂಬಿ ಮೋಸಹೋಗಬಾರದು ಎಂದೂ ಹೇಳಬೇಕು. 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ ನಡೆಯಿತು, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ, ರಾಜ್ಯದಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಪಾಸು. ಮುಂದೆ 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂದಾಗ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಪರೀಕ್ಷೆಯ ರೀತಿ ಬದಲಾದರೆ ಅಂಕ ಏರುತ್ತದೆ, ಇಳಿಯುತ್ತದೆ. ಮಗುವಿನ ತಲೆಯೊಳಗೆ ಆದದ್ದೇನು ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ತಲೆಯೊಳಗೆ ಆಗುವುದೇನು? ಆ ದಿನ ನನ್ನ ಪಡಸಾಲೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಅಪ್ಪನಿಗೆ ಉತ್ತರ ಕೊಡುವ ಮೊದಲು ಹುಡುಗಿಯ ಕೈಗೆ ಪಾಟಿ ಕೊಟ್ಟು 1/2 + 1/3 ಬರೆದೆ. ಒಂದು ಕ್ಷಣವೂ ತಡೆಯದೆ ಉತ್ತರ ಬರೆದಳು: 2/5. ಮೇಲಿನವೆರಡು ಕೂಡಿಸಿದ್ದಳು, ಕೆಳಗಿನವೆರಡು ಕೂಡಿಸಿದ್ದಳು. ತಪ್ಪು ಎಂದು ನಾನು ಹೇಳಲಿಲ್ಲ.

"ತಂಗಿ, ಅರ್ಧ ರೊಟ್ಟಿ ಉಂಡಿ. ಆಮ್ಯಾಲ ಇನ್ನೊಂದು ರೊಟ್ಟಿ ಮೂರು ಪಾಲ ಮಾಡಿ ಒಂದು ಪಾಲ ಉಂಡಿ. ಎಲ್ಲಾ ಕೂಡಿ ಅರ್ಧಕ್ಕಿಂತ ಹೆಚ್ಚ ಆತೋ, ಕಡಿಮಿ ಆತೋ?"

"ಹೆಚ್ಚ ಆತ್ರಿ."

"ನೀ ಏನ್ ಬರದಿ? ಐದು ತುಣುಕಿನ್ಯಾಗ ಎರಡು. ಅದು ಅರ್ಧಕ್ಕಿಂತ ಹೆಚ್ಚೈತೇನು?"

ಪಾಟಿ ನೋಡಿದಳು. ಹುಬ್ಬು ಗಂಟಾಯಿತು. ಅಂಗೈಯಿಂದ ಒರೆಸಿದಳು. ಕಲಿಕೆ ಶುರುವಾದದ್ದು ಆ ಒರೆಸುವಿಕೆಯಲ್ಲಿ, ಅದಕ್ಕೂ ಮೊದಲು ಅಲ್ಲ.

ಈಗ ಅದೇ ಹುಡುಗಿ ವಿಡಿಯೊ ನೋಡುತ್ತಿದ್ದಳು ಎಂದುಕೊಳ್ಳಿ. ವಿಡಿಯೊದ ಮಾಸ್ತರ ನನಗಿಂತ ಚೆಂದ ಹೇಳಬಹುದು, ಬಣ್ಣದ ರೊಟ್ಟಿ ತಿರುಗಿಸಿ ತೋರಿಸಬಹುದು. ಆದರೆ ಆಕೆ 2/5 ಎಂದುಕೊಂಡದ್ದು ಅವರಿಗೆ ಕಾಣುವುದಿಲ್ಲ. ಅವರು ಮುಂದೆ ಹೋಗುತ್ತಾರೆ, ಆಕೆ ತಲೆ ಆಡಿಸುತ್ತಾಳೆ, ತಪ್ಪು ತಿಳಿವಳಿಕೆಯ ಮೇಲೆ ಹೊಸ ಪಾಠ ಕೂರುತ್ತದೆ. ನೇರ ಆನ್‌ಲೈನ್ ತರಗತಿಯಲ್ಲೂ ಕ್ಯಾಮೆರಾ ಬಂದ್, ಮೈಕ್ ಬಂದ್. "ತಿಳೀತೇನ್ರಿ ಎಲ್ಲಾರಿಗೂ?" ಎಂದರೆ ಮೂರು ಮಂದಿ ಹೆಬ್ಬೆರಳು ಒತ್ತುತ್ತಾರೆ. ತರಗತಿಯಲ್ಲೂ "ತಿಳೀತ್ರಿ ಸರ" ಎಂಬ ಕೋರಸ್ ಸುಳ್ಳೇ ಇರುತ್ತದೆ. ಆದರೆ ಮೂರನೆಯ ಸಾಲಿನ ಹುಡುಗ ಬಾಯಿ ತೆರೆದು ಕಣ್ಣು ತಗ್ಗಿಸಿದ್ದು ಬೋರ್ಡಿನ ಬಳಿ ನಿಂತವನಿಗೆ ಕಾಣುತ್ತದೆ. ಪಕ್ಕದ ಹುಡುಗಿ ಮೊಣಕೈಯಿಂದ ತಿವಿದು "ಹಂಗಲ್ಲೋ" ಎನ್ನುವುದೂ ಪಾಠವೇ. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಶೇ. 80ರಷ್ಟು ಮಕ್ಕಳು ಗೆಳೆಯರ ನೆರವಿನಿಂದ ಶಾಲೆಯಲ್ಲೇ ಚೆನ್ನಾಗಿ ಕಲಿಯುತ್ತೇವೆ ಎಂದಿದ್ದರು. ಮನೆಯಲ್ಲಿ ಡಿಜಿಟಲ್ ಸಾಧನವೇ ಇಲ್ಲ ಎಂದವರು ಶೇ. 24.

ಇನ್ನೊಂದು ಕಾರಣ ಗಂಟೆ. ಸಾಲಿಯ ಗಂಟೆ ಬಾರಿಸಿದರೆ ಮನಸ್ಸಿರಲಿ ಬಿಡಲಿ ಗಣಿತದ ವಹಿ ತೆರೆಯಬೇಕು. ಪರದೆಯ ಮುಂದೆ ಆ ಗಂಟೆಯನ್ನು ಮಗು ತಾನೇ ಬಾರಿಸಿಕೊಳ್ಳಬೇಕು. ದೊಡ್ಡವರಿಗೇ ಅದು ಆಗುವುದಿಲ್ಲ: ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಉಚಿತ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಹೆಸರು ಹಚ್ಚಿದವರಲ್ಲಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು.

ಇಷ್ಟೆಲ್ಲ ಹೇಳಿ ಮೊಬೈಲ್ ಮುಚ್ಚಿಡಿ ಎಂದುಬಿಟ್ಟರೆ ಅನ್ಯಾಯ. ದೆಹಲಿಯಲ್ಲಿ ನಡೆದ ಒಂದು ಪ್ರಯೋಗ ನನ್ನ ಅಭಿಪ್ರಾಯವನ್ನೇ ತಿದ್ದಿತು. ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಬಳಸುವ ಸಂಜೆ ಕೇಂದ್ರಗಳಿಗೆ 619 ಮಕ್ಕಳಲ್ಲಿ ಕೆಲವರನ್ನು ಲಾಟರಿ ಮೂಲಕ ಆರಿಸಿ ಕಳಿಸಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37ರಷ್ಟು, ಹಿಂದಿಯಲ್ಲಿ 0.23ರಷ್ಟು ಏರಿಕೆ. ನಮ್ಮ ಸಾಲಿನ 50ನೆಯ ಮಗು ಗಣಿತದಲ್ಲಿ 64ಕ್ಕೆ ಜಿಗಿದಂತೆ. ಇದು ಸಣ್ಣ ಮಾತಲ್ಲ. 2019ರಲ್ಲಿ ಪ್ರಕಟವಾದ ಆ ಅಧ್ಯಯನ ಕಾರಣವನ್ನೂ ತೋರಿಸಿತು. ಆರನೆಯ ತರಗತಿಗೆ ಬಂದ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ವರ್ಷ ಹಿಂದಿದ್ದರು. ಮಾಸ್ತರ ಆರನೆಯ ಪುಸ್ತಕ ಮುಗಿಸಬೇಕು, ಮಗು ಮೂರರಲ್ಲೇ ನಿಂತಿದೆ. ತಂತ್ರಾಂಶಕ್ಕೆ ಪುಸ್ತಕ ಮುಗಿಸುವ ಅವಸರ ಇಲ್ಲ. ಮಗು ನಿಂತಲ್ಲಿಗೆ ಅದು ಇಳಿದು ಬಂತು, 2/5 ಎಂಬಂಥ ಮಾಮೂಲಿ ತಪ್ಪುಗಳನ್ನು ಗುರುತು ಹಿಡಿದು ಅದಕ್ಕೆ ತಕ್ಕ ಮುಂದಿನ ಲೆಕ್ಕ ಕೊಟ್ಟಿತು. ಅಂದರೆ ಪಾಟಿ ನೋಡುವ ಕೆಲಸವನ್ನು ಅದು ತನ್ನ ರೀತಿಯಲ್ಲಿ ಮಾಡಿತು. ಹಾಗೆಂದು ಆ ಮಕ್ಕಳು ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕೂತಿರಲಿಲ್ಲ. ದಿನಕ್ಕೆ 90 ನಿಮಿಷ, ಅದರಲ್ಲಿ ಅರ್ಧ ಕಂಪ್ಯೂಟರ್, ಇನ್ನರ್ಧ ಸಣ್ಣ ಗುಂಪಿಗೆ ಒಬ್ಬ ಸಹಾಯಕರ ಪಾಠ.

ಸಾಧನ ಮಾತ್ರ ಕೊಟ್ಟು ಕೈಬಿಟ್ಟಲ್ಲಿ ಹೀಗಾಗಲಿಲ್ಲ. ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಹಂಚಿತು. ಗಣಿತ, ಭಾಷೆ ಎರಡರ ಅಂಕದಲ್ಲೂ ಏರಿಕೆ ಕಾಣಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಆಫ್ರಿಕಾದ ಬೋಟ್ಸ್‌ವಾನಾದ್ದು. ಅಲ್ಲಿ ಲಾಕ್‌ಡೌನ್ ಕಾಲದಲ್ಲಿ ಗುಂಡಿ ಫೋನಿಗೆ ವಾರಕ್ಕೊಮ್ಮೆ ಸುಮಾರು 20 ನಿಮಿಷ ಕರೆ ಮಾಡಿ, ತಂದೆ ಅಥವಾ ತಾಯಿಯನ್ನು ಜೊತೆಗಿರಿಸಿಕೊಂಡು ಮಗುವಿನಿಂದ ಒಂದೆರಡು ಲೆಕ್ಕ ಮಾಡಿಸಿದರು. 0.12ರಷ್ಟು ಕಲಿಕೆ ಏರಿತು. ಇನ್ನೊಂದು ಗುಂಪಿಗೆ ಲೆಕ್ಕಗಳನ್ನು ಮೆಸೇಜಿನಲ್ಲಿ ಮಾತ್ರ ಕಳಿಸಿದರು, ಅಲ್ಲಿ ಗುರುತಿಸುವಂಥ ಲಾಭ ಆಗಲಿಲ್ಲ. ಈ ಎರಡನೆಯ ಗುಂಪನ್ನು ನೆನೆದಾಗಲೆಲ್ಲ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ನಾವು ಕಳಿಸಿದ ನೂರಾರು ವರ್ಕ್‌ಶೀಟುಗಳು ಕಣ್ಣ ಮುಂದೆ ಬರುತ್ತವೆ. ಕಳಿಸಿದೆವು, ಎರಡು ನೀಲಿ ಗೆರೆ ಬಂದವು. ಅದರಾಚೆ ಒಂದು ಕರೆ ಮಾಡಬೇಕಿತ್ತು.

ಕಳೆದದ್ದು ಮರಳಿ ಬರುತ್ತದೆಯೇ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರವಿದೆ. ತಮಿಳುನಾಡಿನಲ್ಲಿ ಸುಮಾರು 19,000 ಗ್ರಾಮೀಣ ಮಕ್ಕಳನ್ನು 2021ರ ಡಿಸೆಂಬರ್‌ನಲ್ಲಿ ಪರೀಕ್ಷಿಸಿದಾಗ ಗಣಿತದಲ್ಲಿ 0.7ರಷ್ಟು ಹಿಂದೆ ಬಿದ್ದಿದ್ದರು. ಶಾಲೆ ತೆರೆದು ಆರು ತಿಂಗಳೊಳಗೆ ಮೂರನೆಯ ಎರಡು ಪಾಲು ಮರಳಿ ಬಂತು, ಅದರಲ್ಲಿ ಸುಮಾರು ಕಾಲು ಭಾಗದ ಶ್ರೇಯ ಸಂಜೆ ಹೊತ್ತು ಓಣಿಯಲ್ಲೇ ಮಕ್ಕಳನ್ನು ಕೂರಿಸಿ ಕಲಿಸಿದ ಸ್ವಯಂಸೇವಕರಿಗೆ. ಕರ್ನಾಟಕವೂ 2022-23ನ್ನು ಕಲಿಕಾ ಚೇತರಿಕೆ ವರ್ಷ ಎಂದು ಸಾರಿತ್ತು. ಗ್ರಾಮೀಣ ಭಾರತದ ಅಸರ್ ಸಮೀಕ್ಷೆಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 27ರಷ್ಟಿದ್ದವರು 2022ರಲ್ಲಿ ಶೇ. 20.5ಕ್ಕೆ ಇಳಿದು, 2024ರಲ್ಲಿ ಮತ್ತೆ ಶೇ. 27ಕ್ಕೆ ಬಂದರು. ಹಳೆಯ ಶೇ. 27 ಕೂಡ ಹೆಮ್ಮೆಪಡುವ ಅಂಕಿ ಆಗಿರಲಿಲ್ಲ ಎಂಬ ಸಂಕಟ ನನ್ನೊಳಗೆ ಇದ್ದೇ ಇದೆ.

ಹೋಲಿಕೆ ಯಾವುದರ ಎದುರು ಎಂಬ ಮಾತು ಉಳಿಯಿತು. ಭೌತಶಾಸ್ತ್ರ ಕಲಿಸುವವರೇ ಇಲ್ಲದ ಕಾಲೇಜಿನ ಪಿಯು ಹುಡುಗಿಗೆ ಒಳ್ಳೆಯ ವಿಡಿಯೊ ಪಾಠದ ಎದುರಾಳಿ ಒಳ್ಳೆಯ ಉಪನ್ಯಾಸಕರಲ್ಲ, ಖಾಲಿ ಕುರ್ಚಿ. ಅಲ್ಲಿ ವಿಡಿಯೊ ಗೆಲ್ಲುತ್ತದೆ, ಗೆಲ್ಲಲಿ. ಪಾಳಿಯಲ್ಲಿ ದುಡಿಯುವ ಬೆಳಗಾವಿಯ ನರ್ಸ್, ಸಕ್ಕರೆ ಕಾರ್ಖಾನೆಯ ಫಿಟ್ಟರ್ ಮುಂದಿನ ಪದವಿ ಓದಬೇಕೆಂದರೆ ಆನ್‌ಲೈನ್ ಬಿಟ್ಟು ದಾರಿ ಇಲ್ಲದಿರಬಹುದು. ಅವರಿಗೆ ಗುರಿ ಗೊತ್ತು, ಗಂಟೆ ಬಾರಿಸಿಕೊಳ್ಳಲು ಬರುತ್ತದೆ. ಅಂಥವರು ವಿಡಿಯೊ ನೋಡುವಾಗ ನಡುನಡುವೆ ನಿಲ್ಲಿಸಿ, ನೋಡಿದ್ದನ್ನು ನೋಡದೆ ಬರೆದರೆ ಇನ್ನೂ ಲಾಭ. ಹಾರ್ವರ್ಡ್‌ನ 2013ರ ಪ್ರಯೋಗವೊಂದರಲ್ಲಿ ಹೀಗೆ ಮಧ್ಯೆ ಪುಟ್ಟ ಪರೀಕ್ಷೆ ಕೊಟ್ಟಾಗ ಮನಸ್ಸು ಅಲೆಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಹುಡುಗಿಯ ಅಪ್ಪನಿಗೆ ನಾನು ಹೇಳಿದ್ದು ಹೀಗೆ. ನವೋದಯದ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, ಅದರಲ್ಲಿ 40 ಮಾನಸಿಕ ಸಾಮರ್ಥ್ಯದ್ದು. ಚಿತ್ರ ಹೊಂದಿಸುವ, ಬೇರೆಯದನ್ನು ಗುರುತಿಸುವ ಆ ಪ್ರಶ್ನೆಗಳಿಗೆ ಬೇಕಾದದ್ದು ಬಹಳ ಅಭ್ಯಾಸ, ಸರಿ-ತಪ್ಪು ಕೂಡಲೇ ಗೊತ್ತಾಗುವುದು. ಅದಕ್ಕೆ ಆ್ಯಪ್ ಸಾಕು, ದಿನಕ್ಕೆ ಅರ್ಧ ತಾಸು, ಅದೂ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕೂತು. ಭಿನ್ನರಾಶಿ, ಭಾಗಾಕಾರ, ಓದಿ ಅರ್ಥ ಮಾಡಿಕೊಳ್ಳುವುದು ಮನುಷ್ಯರ ಎದುರಿಗೇ ಆಗಬೇಕು. ಕೋಚಿಂಗಿಗೆ ಹಚ್ಚುವುದಾದರೆ ಮೊದಲು ಫೋನ್ ಮಾಡಿ ಎರಡು ಮಾತು ಕೇಳಿರಿ ಎಂದೆ: ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಅವರ ವಹಿ ಯಾರು ನೋಡುತ್ತಾರೆ.

ಮರುದಿನ ಕೇಳಿದರಂತೆ. ಬ್ಯಾಚಿಗೆ ನೂರಿಪ್ಪತ್ತು ಎಂದು ಉತ್ತರ ಬಂತು, ಎರಡನೆಯ ಮಾತಿಗೆ ಉತ್ತರ ಬರಲಿಲ್ಲ. ಈಗ ಆಕೆ ವಾರಕ್ಕೆ ಮೂರು ಸಂಜೆ ಪಾಟಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾಳೆ, ಜೊತೆಗೆ ಓಣಿಯ ಇನ್ನೂ ನಾಲ್ವರು. ಮೊನ್ನೆ 3/4ರಲ್ಲಿ 2/3 ಕಳೆಯಲು ಕೊಟ್ಟೆ. ಎರಡು ರೊಟ್ಟಿ ಬರೆದು ಎರಡನ್ನೂ ಹನ್ನೆರಡು ತುಣುಕು ಮಾಡಿದಳು. ಒಂದರಲ್ಲಿ ಒಂಬತ್ತಕ್ಕೆ ಗೆರೆ ಹಾಕಿದಳು, ಇನ್ನೊಂದರಲ್ಲಿ ಎಂಟಕ್ಕೆ. ಆಮೇಲೆ ತಲೆ ಎತ್ತಿ, "ಒಂದ ತುಣುಕ ಉಳೀತ್ರಿ ಸರ" ಎಂದಳು.